ಕಡತದಲ್ಲಿರುವುದೂ ಪರದೆಯಲ್ಲಿ ಕಾಣುವುದೂ

ಗಣಕಶಾಸ್ತ್ರ ಓದುವ ಮಕ್ಕಳಿರುವ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳಲ್ಲಿ ಒಂದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಸಾದಾ ನೋಟ್‌ಪ್ಯಾಡಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ವಿದ್ಯಾರ್ಥಿಯು, ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್‌ನಂತಹ ಎಡಿಟರಿಗೆ ಬಂದೊಡನೆ ಬಣ್ಣ, ಗೆರೆ, ಮಸುಕು ಅಕ್ಷರಗಳ ನಡುವೆ ದಿಕ್ಕುಗಾಣದಂತಾಗುತ್ತಾನೆ. ಇವೆಲ್ಲ ಬೇಕೆ?

ಬಣ್ಣಗಳು ಬೇಕು. ಉದ್ಧರಣ ಚಿಹ್ನೆಯನ್ನು ಮುಚ್ಚಲು ಮರೆತರೆ ಮುಂದಿನ ಅಕ್ಷರಗಳೂ ಅದೇ ಬಣ್ಣಕ್ಕೆ ತಿರುಗಿ ತಪ್ಪನ್ನು ಆಗಲೇ ತೋರಿಸಿಕೊಡುತ್ತವೆ. ಆವರಣಗಳ ಜೋಡಿಗೆ ಒಂದೊಂದು ಬಣ್ಣ ಕೊಡುವ ಏರ್ಪಾಡೂ ಒಳ್ಳೆಯದೇ. ಓಲೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಓದಿ ಅಭ್ಯಾಸವಾದ ನಮ್ಮಂಥವರಿಗೂ ಇಂತಹ ನೆರವು ಹಗುರವಾದುದಲ್ಲ.

ಎಚ್ಚರ ಬೇಕಾದುದು ಬೇರೆಡೆ. ಫಂಕ್ಷನ್ನನ್ನು ಕರೆದು ಆವರಣದೊಳಗೆ 5, 10 ಎಂದು ಬರೆದಿದ್ದರೆ, ಕೆಲವು ಭಾಷೆಗಳಲ್ಲಿ ಎಡಿಟರ್ ಅವುಗಳ ಹಿಂದೆ ‘ಉದ್ದ’, ‘ಅಗಲ’ ಎಂಬಂತಹ ಹೆಸರುಗಳನ್ನು ತಾನೇ ಮಸುಕಾಗಿ ತೋರಿಸುತ್ತದೆ. ಅವು ಕಡತದಲ್ಲಿ ಇಲ್ಲ. ಫಿರಾ ಕೋಡ್‌ನಂತಹ ಅಕ್ಷರಶೈಲಿಯನ್ನು ಆರಿಸಿ ಸಂಯುಕ್ತರೂಪದ ಸೌಲಭ್ಯವನ್ನು ತೆರೆದರೆ != ಎಂಬ ಎರಡು ಚಿಹ್ನೆಗಳು ≠ ಎಂಬ ಒಂದಾಗಿ ಕಾಣುತ್ತವೆ; ಕಡತದಲ್ಲಿ ಎರಡೇ ಉಳಿದಿರುತ್ತವೆ. ಪರೀಕ್ಷೆಯಲ್ಲಿ ಕೈಯಿಂದಲೇ ಪ್ರೋಗ್ರಾಂ ಬರೆಯಬೇಕಾದ ವಿದ್ಯಾರ್ಥಿಯು ಪರದೆಯ ರೂಪವನ್ನೇ ನೆನಪಿಟ್ಟು ಉತ್ತರಪತ್ರಿಕೆಗೆ ಇಳಿಸಿದರೆ ಅಂಕ ಹೋಗುತ್ತದೆ. ಕಲಿಕೆಯ ವರ್ಷಗಳಲ್ಲಿ ಇವೆರಡನ್ನೂ ಮುಚ್ಚಿಡುವುದೇ ಲೇಸೆಂದು ನಮ್ಮ ಮತ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು: ಕಡತದಲ್ಲಿದ್ದೂ ಕಣ್ಣಿಗೆ ಬೀಳದವು. ಪೈಥಾನ್ ಭಾಷೆಯಲ್ಲಿ ಸಾಲಿನ ಮೊದಲ ತೆರಪೇ ವ್ಯಾಕರಣ. ಟ್ಯಾಬ್ ಮತ್ತು ಸ್ಪೇಸ್ ಅಸಂಗತವಾಗಿ ಬೆರೆತರೆ ನೋಡಲು ಸಾಲುಗಳು ನೆಟ್ಟಗಿದ್ದರೂ ಪೈಥಾನ್ 3 ಆ ಪ್ರೋಗ್ರಾಮನ್ನು ಒಪ್ಪದು. ಸ್ಪೇಸನ್ನು ಚುಕ್ಕೆಯಾಗಿಯೂ ಟ್ಯಾಬನ್ನು ಬಾಣವಾಗಿಯೂ ತೋರಿಸುವ ಸೌಲಭ್ಯವನ್ನು ಆದುದರಿಂದ ಸದಾ ತೆರೆದಿಡತಕ್ಕದ್ದು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ‘ರಾಜ್‌ಕುಮಾರ’ ಎಂದು ಬರೆಯುವಾಗ ಜ ಮತ್ತು ಕ ಒತ್ತಾಗಿ ಕೂಡದಂತೆ ನಡುವೆ ಅಗಲವೇ ಇಲ್ಲದ ಅಗೋಚರ ಅಕ್ಷರವೊಂದನ್ನು ಇಡುತ್ತೇವೆ. ಅದೇ ಅಕ್ಷರ ‘ರಾಜ್’ ಎಂಬ ಪದದ ಕೊನೆಯಲ್ಲಿ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೆ, ನಮಗೆ ಎರಡೂ ಒಂದೇ ಹೆಸರು. ಗಣಕಕ್ಕೆ ಎರಡು ಬೇರೆ ಹೆಸರುಗಳು. ಸದಸ್ಯರ ಪಟ್ಟಿಯಲ್ಲಿ ಹುಡುಕಿದರೆ ಇರುವವನೂ ಸಿಗಲಾರ. ಇಂತಹ ಅಗೋಚರ ಅಕ್ಷರಗಳ ಸುತ್ತ ಚೌಕಟ್ಟು ಹಾಕಿ ತೋರಿಸುವ ಸೌಲಭ್ಯವು ವಿಷುಯಲ್ ಸ್ಟುಡಿಯೋ ಕೋಡಿಗೆ 2021ರಲ್ಲಿ ಸೇರಿತು. ಚೌಕಟ್ಟುಗಳು ಕಿರಿಕಿರಿಯೆಂದು ಅದನ್ನು ಮುಚ್ಚಿಬಿಡುವವರುಂಟು. ಕನ್ನಡದ ಹೆಸರುಗಳೊಡನೆ ಕೆಲಸ ಮಾಡುವವರು ಹಾಗೆ ಮಾಡಬಾರದು.

ಬಲಬದಿಯಲ್ಲಿ ಇಡೀ ಕಡತವನ್ನು ಕಿರಿದಾಗಿ ಬಿಡಿಸುವ ನಕ್ಷೆಯ ವಿಷಯ: ಐವತ್ತು ಸಾಲಿನ ಅಭ್ಯಾಸಕ್ಕೆ ಅದರ ಅಗತ್ಯವಿಲ್ಲ. ಚಿಕ್ಕ ಪರದೆಯ ಲ್ಯಾಪ್‌ಟಾಪ್ ಇರುವವರು ಅದನ್ನು ಮುಚ್ಚಿ, ಉಳಿದ ಜಾಗದಲ್ಲಿ ಅಕ್ಷರವನ್ನು ತುಸು ದೊಡ್ಡದಾಗಿಸಿಕೊಳ್ಳಲಿ.