ಕಾರಿನ ಮೇಲೆ ಕಯಾಕ್: ಬಿಗಿಯಾಗಿ ಒಂದು ಹಗ್ಗ ಕಟ್ಟಿದರೆ ಸಾಕೇ?

ಮೂಲ್ಕಿಯ ಶಾಂಭವಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ. ಕರಾವಳಿಯ ಈ ನದಿಗಳಲ್ಲಿ ಈಗ ಕಯಾಕ್ ಹುಟ್ಟು ಹಾಕುವವರು ಕಾಣಸಿಗುತ್ತಾರೆ. ಹೆಚ್ಚಿನವರು ಅಲ್ಲೇ ಬಾಡಿಗೆಗೆ ಪಡೆಯುತ್ತಾರೆ, ಕೆಲವರು ಸ್ವಂತದ್ದನ್ನು ಕಾರಿನ ಮೇಲೆ ಕಟ್ಟಿಕೊಂಡು ಘಟ್ಟ ಇಳಿಯುತ್ತಾರೆ. ಕಟ್ಟುವಾಗ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: "ಇಪ್ಪತ್ತೈದು ಕೆ.ಜಿ. ಭಾರ ಇದೆ, ಎಲ್ಲಿಗೆ ಹೋಗುತ್ತೆ? ನಡುವೆ ಒಂದು ಹಗ್ಗ ಬಿಗಿದರೆ ಆಯ್ತು."

ಈ ನಂಬಿಕೆ ಕಯಾಕ್‌ಗಷ್ಟೇ ಸೀಮಿತವಲ್ಲ. ಮನೆ ಬದಲಿಸುವಾಗ ಹಾಸಿಗೆಯನ್ನು ಕಾರಿನ ಮೇಲಿಟ್ಟು, ಕಿಟಕಿಯಿಂದ ಕೈ ಹೊರಹಾಕಿ ಹಿಡಿದುಕೊಂಡು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ನಿಂತ ಕಾರಿನ ಮಟ್ಟಿಗೆ ಅವರ ಲೆಕ್ಕ ಸರಿ. ಕಾರು ಓಡತೊಡಗಿದ ಮೇಲೆ ಲೆಕ್ಕ ಬೇರೆಯಾಗುತ್ತದೆ.

ಗಾಳಿ ಎಷ್ಟು ತಳ್ಳುತ್ತದೆ?

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಒಂದು ಚದರ ಮೀಟರ್ ಹಲಗೆಯನ್ನು ಗಾಳಿಗೆ ನೇರ ಎದುರಾಗಿ ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 9 ಕೆ.ಜಿ. ತೂಕಕ್ಕೆ ಸಮ. 80 ಕಿ.ಮೀ. ವೇಗದಲ್ಲಿ ಅದು 36 ಕೆ.ಜಿ. ಆಗುತ್ತದೆ. 100ರಲ್ಲಿ 55 ಕೆ.ಜಿ. ದಾಟುತ್ತದೆ. ನೀವು 80ರಲ್ಲೇ ಹೋಗುತ್ತಿದ್ದು, ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸಿದರೆ ಕಯಾಕ್‌ನ ಪಾಲಿಗೆ ಅದು 100 ಕಿ.ಮೀ. ವೇಗವೇ. ಐದಡಿ ಅಗಲ, ಆರಡಿ ಉದ್ದದ ಹಾಸಿಗೆಯ ಮುಂಭಾಗ ಸ್ವಲ್ಪ ಮೇಲೆದ್ದರೆ 60 ಕಿ.ಮೀ. ವೇಗದಲ್ಲೇ ಗಾಳಿ ಅದನ್ನು 20 ಕೆ.ಜಿ.ಗೂ ಹೆಚ್ಚಿನ ಬಲದಿಂದ ಎತ್ತಬಲ್ಲದು. ಕಿಟಕಿಯಾಚೆಗಿನ ಕೈಯಿಂದ ಅದನ್ನು ತಡೆಯಲಾಗದು.

ಕಯಾಕ್‌ನ ಎರಡೂ ತುದಿ ಚೂಪು. ಹಾಗಾಗಿ ಎದುರುಗಾಳಿ ಅದನ್ನು ಹಲಗೆಯಷ್ಟು ತಳ್ಳುವುದಿಲ್ಲ. ತೊಂದರೆ ಇರುವುದು ಕೆಳಗಿನಿಂದ. ಬಾನೆಟ್ ಮೇಲೆ ಹಾದುಬರುವ ಗಾಳಿಯನ್ನು ಮುಂದಿನ ಗಾಜು ಮೇಲಕ್ಕೆ ತಿರುಗಿಸುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಕಯಾಕ್‌ನ ಮೂತಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಗಾಳಿ ಅದರ ಹೊಟ್ಟೆಗೆ ಬಡಿದು ಮೇಲೆತ್ತುತ್ತದೆ.

ಇಲ್ಲಿ ಸನ್ನೆಗೋಲಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಮೂರೂವರೆ ಮೀಟರ್ ಉದ್ದದ ಕಯಾಕನ್ನು ಸಣ್ಣ ಕಾರಿನ ಮೇಲಿನ ಎರಡು ಅಡ್ಡ ಸರಳುಗಳಿಗೆ, ಅಂದರೆ ಕ್ರಾಸ್‌ಬಾರ್‌ಗಳಿಗೆ ಕಟ್ಟಿದ್ದೀರಿ ಎಂದುಕೊಳ್ಳಿ. ಸರಳುಗಳ ನಡುವಿನ ಅಂತರ 75 ಸೆಂ.ಮೀ. ಮೂತಿಯನ್ನು ಗಾಳಿ ಬರೀ 10 ಕೆ.ಜಿ.ಯಷ್ಟು ಎತ್ತಿದರೂ, ಕಯಾಕ್‌ನ ಸ್ವಂತ ಭಾರವನ್ನು ಪಕ್ಕಕ್ಕಿಟ್ಟು ನೋಡಿದರೆ, ಮುಂದಿನ ಸರಳಿನ ಕಟ್ಟಿನ ಮೇಲೆ ಸುಮಾರು 28 ಕೆ.ಜಿ. ಎಳೆತ ಬೀಳುತ್ತದೆ. ಅಂತರ ಒಂದು ಮೀಟರ್ ಇದ್ದರೆ ಇದು 22-23 ಕೆ.ಜಿ.ಗೆ ಇಳಿಯುತ್ತದೆ. ಆದ್ದರಿಂದ ಸರಳುಗಳನ್ನು ಕಾರು ಬಿಡುವಷ್ಟು ದೂರ ದೂರ ಹಾಕುವುದೇ ಒಳ್ಳೆಯದು. ನಡುವೆ ಒಂದೇ ಹಗ್ಗ ಕಟ್ಟಿದರೆ ಈ ಸನ್ನೆಯನ್ನು ತಡೆಯಲು ಏನೂ ಇರುವುದಿಲ್ಲ, ಕಯಾಕ್ ಆ ಹಗ್ಗದ ಸುತ್ತಲೇ ಏರಿಳಿಯುತ್ತದೆ, ತಿರುಗುತ್ತದೆ.

ಇನ್ನು ಬ್ರೇಕ್. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ 25 ಕೆ.ಜಿ. ಕಯಾಕ್ ಸುಮಾರು 20 ಕೆ.ಜಿ. ಬಲದಿಂದ ಮುಂದಕ್ಕೆ ನುಗ್ಗಲು ನೋಡುತ್ತದೆ. ಅಡ್ಡಪಟ್ಟಿಗಳು ಅದನ್ನು ಘರ್ಷಣೆಯಿಂದ ಮಾತ್ರ ಹಿಡಿದಿಡುತ್ತವೆ, ಗಾಳಿ ಮೇಲೆತ್ತುತ್ತಿರುವಾಗ ಆ ಘರ್ಷಣೆಯೂ ಕಡಿಮೆ.

ಹಾಗಾದರೆ ಹೇಗೆ ಕಟ್ಟಬೇಕು?

ನಾಲ್ಕು ಕಟ್ಟು ಬೇಕು. ಎರಡು ಸರಳುಗಳಿಗೆ ಒಂದೊಂದು ಪಟ್ಟಿ, ಮೂತಿಗೊಂದು ಹಗ್ಗ, ಬಾಲಕ್ಕೊಂದು ಹಗ್ಗ. ಪಟ್ಟಿ ಕಯಾಕ್‌ನ ಮೇಲಿಂದ ಬಂದು ಸರಳಿನ ಅಡಿಯಿಂದ ಸುತ್ತಿ ಬರಬೇಕು. ಮೂತಿಯ ಹಗ್ಗವನ್ನು ಎಡ-ಬಲ ಎರಡು ಕಡೆಗೆ ಇಳಿಸಿದರೆ ಅಡ್ಡಗಾಳಿಗೆ ಮೂತಿ ತಿರುಗುವುದಿಲ್ಲ. ಕೆಳಗೆ ಅದನ್ನು ಟೋ ಹುಕ್‌ಗೋ ಚಾಸಿಸ್‌ನ ಗಟ್ಟಿ ಭಾಗಕ್ಕೋ ಕಟ್ಟಬೇಕು, ಪ್ಲಾಸ್ಟಿಕ್ ಬಂಪರ್‌ಗೆ ಖಂಡಿತ ಬೇಡ. ಉಳಿದ ತುದಿಯನ್ನು ಸುತ್ತಿ ಗಂಟು ಹಾಕಿ. ನೇತಾಡುವ ತುದಿ ಚಕ್ರಕ್ಕೆ ಸಿಕ್ಕಿದರೆ ಕಯಾಕನ್ನೇ ಎಳೆದು ಕೆಡವುತ್ತದೆ. ಈ ಹಗ್ಗಕ್ಕೆ ಇನ್ನೊಂದು ಉಪಯೋಗವಿದೆ: ಅದು ಚಾಲಕರ ಕಣ್ಣೆದುರೇ ಇರುತ್ತದೆ. ಅದು ಸಡಿಲವಾದರೆ ಮೇಲೇನೋ ಜರುಗಿದೆ ಎಂದು ತಕ್ಷಣ ತಿಳಿಯುತ್ತದೆ.

ಹಗ್ಗದ ಜಾತಿಯೂ ಮುಖ್ಯ. ಬೈಕಿನ ಹಿಂದೆ ಲಗೇಜು ಕಟ್ಟುವ ಎಲಾಸ್ಟಿಕ್ ಹಗ್ಗ ಇಲ್ಲಿ ಕೆಲಸಕ್ಕೆ ಬಾರದು. ಹಿಗ್ಗುವುದೇ ಅದರ ಗುಣ, ಗಾಳಿ ಎತ್ತಿದಷ್ಟೂ ಅದು ಬಿಟ್ಟುಕೊಡುತ್ತದೆ. ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ನುಣುಪಾದ್ದರಿಂದ ಗಂಟು ಜಾರುತ್ತದೆ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ನೈಲಾನ್ ಗಟ್ಟಿ, ಆದರೆ ನೀರು ಹೀರಿ ಸಡಿಲಗೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಇದು ಸಣ್ಣ ಮಾತಲ್ಲ. ಪಾಲಿಯೆಸ್ಟರ್ ಪಟ್ಟಿಗೆ ಕ್ಯಾಮ್ ಬಕಲ್ ಇದ್ದರೆ ನಮ್ಮ ಮಟ್ಟಿಗೆ ಅದೇ ಸೂಕ್ತ. ಲಾರಿಗಳಲ್ಲಿ ಬಳಸುವ, ಹಿಡಿಕೆ ಎಳೆದು ಬಿಗಿಯುವ ರಾಚೆಟ್ ಪಟ್ಟಿ ಇನ್ನೂ ಬಲವಾದದ್ದಲ್ಲವೇ ಎಂದು ಕೇಳಬಹುದು. ತೊಂದರೆ ಆ ಬಲದಲ್ಲೇ ಇದೆ. ಅದು ಕೈಯ ಬಲವನ್ನು ಹಲವು ಪಟ್ಟು ಹೆಚ್ಚಿಸುವುದರಿಂದ ಎಷ್ಟು ಬಿಗಿದೆವೆಂದು ಗೊತ್ತಾಗುವುದಿಲ್ಲ. ಬಿಸಿಲಿಗೆ ಮೆತ್ತಗಾದ ಪಾಲಿಥೀನ್ ಕಯಾಕ್ ತಗ್ಗು ಬೀಳುತ್ತದೆ. ಕಯಾಕ್ ಹಿಡಿದು ಅಲ್ಲಾಡಿಸಿದಾಗ ಅದರೊಂದಿಗೆ ಇಡೀ ಕಾರೂ ಅಲ್ಲಾಡಿದರೆ ಬಿಗಿ ಸಾಕು.

ಕಾರಿನ ಮೇಲೆ ಉದ್ದಕ್ಕೆ ರೂಫ್ ರೈಲ್ ಇದೆಯೆಂದು ನಂಬಿ ಕೂರಬೇಡಿ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳಲ್ಲಿ ಅದು ಬರೀ ಅಲಂಕಾರ. ಚಾವಣಿ ಎಷ್ಟು ಭಾರ ಹೊರಬಲ್ಲದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಆ ಮಿತಿಯೊಳಗೆ ಕ್ಯಾರಿಯರ್‌ನ ತೂಕವೂ ಸೇರಬೇಕು. ಮಳೆಗಾಲದಲ್ಲಿ ಬಾಯಿ ಮೇಲಾಗಿ ಕಟ್ಟಿದ ಕಯಾಕ್‌ನಲ್ಲಿ ಹತ್ತು ಲೀಟರ್ ನೀರು ನಿಂತರೆ ಹತ್ತು ಕೆ.ಜಿ. ಕೂಡಿತು, ಅದೂ ತುಳುಕಾಡುವ ಭಾರ. ಮುಚ್ಚಳ ಹಾಕಿ, ಇಲ್ಲವೇ ಬೋರಲು ಹಾಕಿ. (ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಗಾಳಿ ತುಂಬುವ ಕಯಾಕ್ ಇದೆ. ಮಡಚಿದರೆ ಡಿಕ್ಕಿಯಲ್ಲೇ ಹಿಡಿಸುತ್ತದೆ.)

ಕಾನೂನಿನ ಮಾತೂ ಒಂದಿದೆ. ಸರಕು ವಾಹನದ ಬದಿ, ಮುಂದೆ, ಹಿಂದೆ ಅಥವಾ ಎತ್ತರದಲ್ಲಿ ಅನುಮತಿಸಿದ ಮಿತಿ ಮೀರಿ ಚಾಚಿಕೊಂಡರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಂ ಪ್ರಕಾರ 20,000 ರೂಪಾಯಿ ದಂಡ. 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ ಇದು. ನಮ್ಮ ರಸ್ತೆಗಳಲ್ಲಿ ಕಾರಿನ ಬೆನ್ನಿಗೇ ಬೈಕು, ಸ್ಕೂಟರುಗಳು ಬರುತ್ತಿರುತ್ತವೆ. ಮೇಲಿಂದ ಕಯಾಕ್ ಜಾರಿದರೆ ಅದು ಬೀಳುವುದು ಅವರ ಮೇಲೆ.

ಹೊರಟ ಹತ್ತು-ಹದಿನೈದು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಿ, ಮೊದಲ ಅಲುಗಾಟಕ್ಕೆ ಎಲ್ಲವೂ ಸ್ವಲ್ಪ ಕೂರುತ್ತದೆ. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ಇಳಿಯುವ ಮುನ್ನ ಇನ್ನೊಮ್ಮೆ ನೋಡಿ. ವೇಗದಲ್ಲಿ ಪಟ್ಟಿಗಳು ಗುಂಯ್‌ಗುಡುವುದುಂಟು. ಚಪ್ಪಟೆ ಪಟ್ಟಿ ಗಾಳಿಗೆ ಪಟಪಟ ಕಂಪಿಸುವ ಸದ್ದು ಅದು, ಕಟ್ಟುವಾಗಲೇ ಒಂದೆರಡು ತಿರುಚು ಕೊಟ್ಟರೆ ನಿಲ್ಲುತ್ತದೆ. ಮೊದಲಿಲ್ಲದ ಸದ್ದು ಅರ್ಧ ದಾರಿಯಲ್ಲಿ ಶುರುವಾದರೆ ಪಟ್ಟಿ ಸಡಿಲವಾಗಿರಬಹುದು. ಪಕ್ಕಕ್ಕೆ ಹಾಕಿ ನೋಡಿ.