ಮಿಡಿ ಇರುವಾಗ ಭ್ರೂಣ ಯಾಕೆ?

ಹೊಸ ಬರಹವೊಂದು ತಲೆಯೆತ್ತಿದ ಕೂಡಲೇ ನಮ್ಮ ವಿಮರ್ಶಕರು ‘ಅದಿನ್ನೂ ಭ್ರೂಣಾವಸ್ಥೆಯಲ್ಲಿದೆ’ ಎಂದುಬಿಡುತ್ತಾರೆ. ಓದುವ ಕೆಲಸ ಅಲ್ಲಿಗೆ ಮುಗಿಯಿತು! ಪದ ಸಂಸ್ಕೃತದ್ದಾದರೂ ಈ ಬಳಕೆಯ ಅಚ್ಚು ಇಂಗ್ಲಿಷಿನ ‘ಎಂಬ್ರಿಯಾನಿಕ್’. ಎಂಬ್ರಿಯೋದ ಬೇರು ಗ್ರೀಕಿನಲ್ಲಿದೆ: ‘ಎನ್’ ಅಂದರೆ ಒಳಗೆ, ‘ಬ್ರುಯೀನ್’ ಅಂದರೆ ಉಬ್ಬುವುದು, ತುಂಬಿ ಚಿಗುರುವುದು. ಹೋಮರನ ‘ಒಡಿಸ್ಸಿ’ಯಲ್ಲಿ ಆ ಪದ ಹುಟ್ಟಿದ ಮರಿಗೂ ಸಲ್ಲುತ್ತದೆ, ಒಂಟಿಗಣ್ಣಿನ ಪಾಲಿಫೆಮಸ್ ಹಾಲು ಕರೆದಾದ ಮೇಲೆ ತಾಯಿಕುರಿಯ ಕೆಳಗೆ ಬಿಡುವ ಮರಿ ಅದು. ಮೂಲದಲ್ಲಿದ್ದದ್ದು ಉಕ್ಕುವ ಜೀವ. ನಾವು ಉಳಿಸಿಕೊಂಡದ್ದು ಬರೀ ಕೊರತೆ.

ಕನ್ನಡಕ್ಕೇನು ಬಡತನವೇ? ಮಾವೊಂದಕ್ಕೇ ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ಹೆಸರುಗಳಿವೆ. ಸಾಗರ, ಸಿರಸಿ ಕಡೆ ಅಪ್ಪೆಮಿಡಿಗಾಗಿ ಕಾದು ಕೂರುವವರನ್ನು ಕೇಳಿ. ಅವರಿಗೆ ಮಿಡಿಯೆಂದರೆ ಹಣ್ಣಾಗಲಾರದೆ ಸೋತ ಕಾಯಲ್ಲ. ಅದಕ್ಕೆ ಅದರದೇ ಸೊನೆ, ಅದರದೇ ಪರಿಮಳ. ಒಳಗೆ ಗೊರಟು ಬಲಿಯಿತೋ, ಮಿಡಿ ಉಪ್ಪಿನಕಾಯಿಗೆ ಅದು ಬೇಡ. (ಭ್ರೂಣದ ಉಪ್ಪಿನಕಾಯಿ ಯಾರೂ ಹಾಕಿದ್ದು ಕೇಳಿಲ್ಲ.)

ಹೊಸಬರ ಮೊದಲ ಸಂಕಲನವನ್ನು ಹೀಚು ಅನ್ನಿ, ಮಿಡಿ ಅನ್ನಿ, ದೋರೆಗಾಯಿಯೇ ಅನ್ನಿ, ತಕರಾರಿಲ್ಲ. ಆದರೆ ಕಚ್ಚಿ ನೋಡಿ ಹೇಳಿ.