ಬೆಳ್ಳಿತೆರೆಯ ಜಾತಿನಾಯಿಗಳು

ನಮ್ಮ ಚಲನಚಿತ್ರಗಳಲ್ಲಿ ನಾಯಿಯ ತಳಿಯನ್ನು ಕಂಡರೆ ಸಾಕು, ಯಜಮಾನನ ವರಮಾನವನ್ನೂ ಗುಣವನ್ನೂ ಊಹಿಸಿಬಿಡಬಹುದು. ಕಬ್ಬಿಣದ ಗೇಟಿನ ಹಿಂದೆ ಸರಪಳಿ ಜಗ್ಗುತ್ತ ಬೊಗಳುವ ಅಲ್ಸೇಷಿಯನ್ ಅಥವಾ ಡಾಬರ್‌ಮನ್ ಇದ್ದರೆ ಒಳಗಿರುವವನು ಕಲ್ಲೆದೆಯ ಸಾಹುಕಾರ. ಸೋಫಾದ ಮೇಲೆ ಬಿಳಿಯ ತುಪ್ಪುಳಿನ ಪೊಮೆರೇನಿಯನ್ ಇದ್ದರೆ ಆ ಮನೆಯಲ್ಲೊಬ್ಬಳು ಹಠಮಾರಿ ಮಗಳಿರಬೇಕು. ಊರನಾಯಿ ಬರುವುದು ಹಾಸ್ಯನಟನ ಪಂಚೆ ಹಿಡಿದೆಳೆಯಲು. ಇಲ್ಲವೇ ಖಳನಾಯಕನ ಬಾಯಲ್ಲಿ ಬೈಗುಳವಾಗಿ. ಕನ್ನಡದ ಆಡುಮಾತು ಕೂಡ ಈ ವಿಭಜನೆಯನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಪರದೇಶದ ತಳಿಯಾದರೆ ಅದು 'ಜಾತಿನಾಯಿ', ನಮ್ಮ ಮಣ್ಣಿನದಾದರೆ 'ಕಂತ್ರಿನಾಯಿ'. 'ಕಂಟ್ರಿ' ಎಂಬ ಇಂಗ್ಲಿಷ್ ಮಾತೇ ಕಂತ್ರಿಯಾಯಿತೆಂದು ಹೇಳುತ್ತಾರೆ. ಹಾಗಾದರೆ ನಾಡಿನದು ಎಂಬ ಅರ್ಥದ ಶಬ್ದವೇ ನಮ್ಮಲ್ಲಿ ತಿರಸ್ಕಾರದ ಶಬ್ದವಾಯಿತೆನ್ನಬೇಕು.

ಇದನ್ನು ಕೇವಲ ಅಭಿರುಚಿಯ ಪ್ರಶ್ನೆಯೆಂದು ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ತೆರೆಯ ಮೇಲೆ ಯಾವ ನಾಯಿ ಪ್ರೀತಿಗೆ ಪಾತ್ರವಾಗುತ್ತದೆಯೋ ಅದೇ ನಾಯಿ ಮಾರುಕಟ್ಟೆಯಲ್ಲಿ ಬೇಡಿಕೆಗೆ ಪಾತ್ರವಾಗುತ್ತದೆ. ತೆರೆಯ ಮೇಲೆ ಯಾರು ನಾಯಿಪ್ರೇಮಿಗಳಾಗಿ ಕಾಣಿಸುತ್ತಾರೋ ಅವರನ್ನು ಮಾತ್ರ ಸಮಾಜವೂ ಕಾನೂನೂ ನಾಯಿಪ್ರೇಮಿಗಳೆಂದು ಗುರುತಿಸುತ್ತವೆ.

ಮೊದಲು ಒಂದು ನ್ಯಾಯದ ಮಾತು. ನಾಯಿಯನ್ನು ಕಥಾನಾಯಕನ ಮಟ್ಟಕ್ಕೆ ಏರಿಸುವುದರಲ್ಲಿ ಕನ್ನಡ ಚಿತ್ರರಂಗ ಹಿಂದೆ ಬಿದ್ದಿಲ್ಲ. ಒಡೆಯನ ಕೊಲೆಗೆ ನಾಯಿ ಸೇಡು ತೀರಿಸಿಕೊಳ್ಳುವ ಹಿಂದಿಯ 'ತೇರಿ ಮೆಹರ್‌ಬಾನಿಯಾ' (1985) ಚಿತ್ರ ಹುಟ್ಟಿದ್ದೇ ವಿಜಯ್ ರೆಡ್ಡಿಯವರ ಕನ್ನಡ ಚಿತ್ರ 'ತಾಳಿಯ ಭಾಗ್ಯ'ದಿಂದ (1984). ಇನ್ನು 2022ರ ಜೂನ್‌ನಲ್ಲಿ ತೆರೆಕಂಡ, ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ'ಯನ್ನು ನೋಡಿ ಅಳದವರು ವಿರಳ. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಚಿತ್ರಮಂದಿರದಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಮುಂದೆ ಆ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಹಿರಿಮೆ ಕಣ್ಣೀರಿನಲ್ಲಿಲ್ಲ. ಮುದ್ದಾದ ಮರಿಯ ಹಿಂದೆ ಕತ್ತಲೆಯ ಶೆಡ್ಡೊಂದಿದೆ, ಅಲ್ಲಿ ರಕ್ತಸಂಬಂಧದ ನಾಯಿಗಳನ್ನೇ ಕೂಡಿಸಿ ಮರಿ ತೆಗೆಯುವ ದಂಧೆಯಿದೆ, ಅದರ ಫಲವನ್ನು ಮರಿ ತನ್ನ ದೇಹದಲ್ಲಿ ರೋಗವಾಗಿ ಹೊರುತ್ತದೆ ಎಂಬುದನ್ನು ಆ ಚಿತ್ರ ಮುಖಕ್ಕೆ ಹೊಡೆದಂತೆ ಹೇಳಿತು.

ಆದರೂ ನನಗೊಂದು ತಕರಾರಿದೆ. ಚಾರ್ಲಿ ಲ್ಯಾಬ್ರಡಾರ್. ಅದನ್ನು ಪ್ರೀತಿಸುವ ಧರ್ಮ ಮನುಷ್ಯರ ಸಂಗವನ್ನೇ ಒಲ್ಲದ ಒಂಟಿ. ಅವನು ನಾಯಿಯನ್ನು ಕರೆದುಕೊಂಡು ಹಿಮದತ್ತ ಹೊರಡುವಾಗ ನಮಗೆಲ್ಲ ನೆನಪಾಗುವುದು ಮಹಾಪ್ರಸ್ಥಾನದ ಇನ್ನೊಬ್ಬ ಧರ್ಮ. ಅವನ ಹಿಂದೆ ಹೋದ ನಾಯಿಗೆ ವ್ಯಾಸರು ತಳಿಯನ್ನು ಹೇಳಲಿಲ್ಲ. ನಾಯಿಯ ಪ್ರೀತಿಯೆಂದರೆ ಮನುಷ್ಯರಿಂದ ಮುರಿದುಬಿದ್ದವನಿಗೆ ಸಿಗುವ ಸಾಂತ್ವನ, ಅದೂ ನಗರದ ಮನೆಯೊಳಗೆ, ಅದೂ ಜಾತಿನಾಯಿಯಿಂದ ಎಂಬ ಚಿತ್ರವೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದು ಸುಳ್ಳಲ್ಲ, ಆದರೆ ಅಪೂರ್ಣ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಕುತೂಹಲ ಬೇಡಿಕೆಯ ಕಡೆಗೆ. 2014ರಲ್ಲಿ 'ಪ್ಲಾಸ್ ಒನ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಮೂವರು ಸಂಶೋಧಕರು ನಾಯಿಗಳಿದ್ದ 87 ಚಲನಚಿತ್ರಗಳನ್ನು ಅಮೆರಿಕದ ಕೆನಲ್ ಕ್ಲಬ್ಬಿನ ನೋಂದಣಿ ಪುಸ್ತಕಗಳೊಂದಿಗೆ ತಾಳೆ ನೋಡಿದರು. ಚಿತ್ರವೊಂದರ ಪ್ರಭಾವ ಹತ್ತು ವರ್ಷಗಳವರೆಗೂ ಉಳಿಯಬಲ್ಲದೆಂದು ಅವರು ಕಂಡುಕೊಂಡರು. 1943ರಲ್ಲಿ ಲ್ಯಾಸಿಯ ಮೊದಲ ಚಿತ್ರ ಬಂದ ಎರಡು ವರ್ಷಗಳಲ್ಲಿ ಕಾಲಿ ತಳಿಯ ನೋಂದಣಿ ಶೇಕಡಾ 40ರಷ್ಟು ಏರಿತ್ತು. 1996ರಲ್ಲಿ '101 ಡಾಲ್ಮೇಷಿಯನ್ಸ್' ಬಂದಾಗ ಚುಕ್ಕೆಯ ಮರಿಗಳನ್ನು ಮುಗಿಬಿದ್ದು ಕೊಂಡವರು, ಅವು ಬೆಳೆದು ಮನೆಯನ್ನೆಲ್ಲ ಹಾರಾಡತೊಡಗಿದಾಗ ಪ್ರಾಣಿಧಾಮಗಳಿಗೆ ತಂದು ಬಿಟ್ಟರು. ಆ ತಳಿಯಲ್ಲಿ ಹುಟ್ಟುಕಿವುಡು ಸಾಮಾನ್ಯವೆಂಬುದನ್ನು ಟಿಕೆಟ್ಟಿನ ಜೊತೆಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಅಂಥ ಲೆಕ್ಕ ಇಟ್ಟವರಿಲ್ಲ. ಆದರೆ ಕಣ್ಣಿದ್ದವರಿಗೆ ಲೆಕ್ಕ ಬೇಕಿಲ್ಲ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆಯೇ ನಡೆದ ಪಗ್ ನಾಯಿ, ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ಏದುಸಿರು ಬಿಡುತ್ತ ನಡೆಯತೊಡಗಿತು. ಚಪ್ಪಟೆ ಮೂಗಿನ ಆ ಪ್ರಾಣಿಗೆ ಸೆಖೆಯಲ್ಲಿ ಉಸಿರಾಡುವುದೇ ಒಂದು ದುಡಿಮೆ. ನಾಯಿ ತನ್ನ ದೇಹದ ಕಾವನ್ನು ಕಳೆಯುವುದು ಬಾಯಿ ತೆರೆದು ಏದುವುದರಿಂದ. ಉಸಿರಿನ ದಾರಿಯೇ ಇಕ್ಕಟ್ಟಾದರೆ ಕಾವು ಹೊರಹೋಗುವುದೆಲ್ಲಿಂದ?

ಬೆಂಗಳೂರಿಗೇ ಹೀಗಾದರೆ ನಮ್ಮ ರಾಯಚೂರು ಜಿಲ್ಲೆಯ ಪಾಡೇನು? ನಿವೃತ್ತಿಯ ನಂತರ ನಾನು ನೆಲೆಸಿರುವುದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಬಳಗಾನೂರಿನಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಸಿಂಧನೂರಿನ ನನ್ನ ಪರಿಚಿತರ ಮನೆಯೊಂದರಲ್ಲಿ ಕಾಲೇಜು ಓದುವ ಮಗ, ಹಿಮದ ಮೇಲೆ ಬಂಡಿ ಎಳೆಯುವ ನಾಯಿಗಳ ಇಂಗ್ಲಿಷ್ ಚಿತ್ರವೊಂದನ್ನು ನೋಡಿ ಹಟ ಹಿಡಿದು ಸೈಬೀರಿಯನ್ ಹಸ್ಕಿಯೊಂದನ್ನು ತರಿಸಿದ. ಸೈಬೀರಿಯಾದ ಚಳಿಗೆಂದು ಎರಡು ಪದರದ ತುಪ್ಪಳ ಹೊತ್ತ ಆ ಜೀವ ಹಗಲೆಲ್ಲ ಕೂಲರಿನ ಮುಂದೆ ಬಿದ್ದಿರುತ್ತಿತ್ತು. ಕರೆಂಟು ಹೋದಾಗ ಬಚ್ಚಲಿನ ಹಾಸುಗಲ್ಲಿಗೆ ಹೊಟ್ಟೆ ಅಂಟಿಸಿ ಮಲಗುತ್ತಿತ್ತು. ಎರಡನೆಯ ಬೇಸಿಗೆಯನ್ನು ಅದು ದಾಟಲಿಲ್ಲ. ಮನೆಯವರು ಕ್ರೂರಿಗಳೇನಲ್ಲ, ನಾಯಿ ಸತ್ತ ದಿನ ಒಲೆ ಹಚ್ಚಿರಲಿಲ್ಲ. ಪ್ರೀತಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ತೆರೆಯ ಮೇಲೆ ಕಂಡ ತಳಿಗೂ ತಾವು ಬದುಕುವ ನೆಲಕ್ಕೂ ಇರುವ ಅಂತರವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮರಿ ಮಾರಿದವನಂತೂ ಹೇಳುವವನಲ್ಲ.

ಮೆಚ್ಚುಗೆಯಂತೆ ಭೀತಿಯೂ ತಳಿಗೆ ಅಂಟಿಕೊಳ್ಳುತ್ತದೆ. 1976ರ 'ದಿ ಓಮೆನ್' ಚಿತ್ರ ರಾಟ್‌ವೀಲರನ್ನು ಸೈತಾನನ ಕಾವಲುಗಾರನನ್ನಾಗಿ ಮಾಡಿತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ಬಗೆಯ 'ಉಗ್ರ' ನಾಯಿಗಳ ಆಮದು, ಸಂವರ್ಧನೆ, ಮಾರಾಟಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತಷ್ಟೆ. ಅದರಲ್ಲಿ ರಾಟ್‌ವೀಲರ್ ಇದ್ದುದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ನನಗೆ ಆಶ್ಚರ್ಯವಾದದ್ದು ಜಪಾನಿನ ಅಕಿತಾ ತಳಿಯನ್ನು ಕಂಡು. ಸತ್ತ ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ವರ್ಷಾನುಗಟ್ಟಲೆ ಕಾದ ಹಾಚಿಕೋ ಇದೇ ತಳಿಯದು. 1987ರಲ್ಲಿ ಜಪಾನಿನಲ್ಲೂ 2009ರಲ್ಲಿ ಅಮೆರಿಕದಲ್ಲೂ ಅದರ ಕಥೆ ಚಿತ್ರವಾಗಿ ಲೋಕವನ್ನೇ ಅಳಿಸಿತ್ತು. ಸಿನಿಮಾದಲ್ಲಿ ನಿಷ್ಠೆಯ ಪ್ರತಿಮೆ, ಸರ್ಕಾರಿ ಕಡತದಲ್ಲಿ ಉಗ್ರ! ಅದೇ ಪಟ್ಟಿಯಲ್ಲಿ ತುರ್ಕಿಯ ಕುರಿಗಾಹಿಗಳ ಕಾಂಗಾಲ್ ನಾಯಿಯೂ ಇತ್ತು. ಬಾಧಿತರ ಅಹವಾಲನ್ನು ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ರದ್ದುಪಡಿಸಿತು. ಸುತ್ತೋಲೆಗಳನ್ನು ಕರಡು ಮಾಡುವುದರಲ್ಲೇ ಆಯುಷ್ಯ ಕಳೆದ ನನಗೆ ಇಂಥ ಪಟ್ಟಿಗಳು ಹೇಗೆ ತಯಾರಾಗುತ್ತವೆಂಬ ಅಂದಾಜಿದೆ. ಹೆಚ್ಚು ಹೇಳದಿರುವುದೇ ಲೇಸು.

ಈಗ ತೆರೆಯ ಮೇಲೆ ಬಾರದವರ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದೊಡನೆ ಒಣ ಸೀಮೆಗಳಿಂದ ಕುರಿಗಾರರು ಮಂದೆಗಳೊಂದಿಗೆ ಬಂದಿಳಿಯುತ್ತಾರೆ. ಗೊಬ್ಬರಕ್ಕಾಗಿ ರೈತರು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಆ ಮಂದೆಯ ಸುತ್ತ ನಾಲ್ಕಾರು ನಾಯಿಗಳು. ಅವುಗಳ ತಳಿ ಯಾವ ಕ್ಲಬ್ಬಿನ ಪುಸ್ತಕದಲ್ಲಿಯೂ ಇಲ್ಲ. ಕುರಿಗಾರ ತಾನು ಉಣ್ಣುವ ಜೋಳದ ರೊಟ್ಟಿಯನ್ನೇ ಮುರಿದು ಹಾಕುತ್ತಾನೆ. ತೋಳವಿರುವ ಸೀಮೆಯಿದು, ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದ ಕುರುಚಲು ಕಾಡು ತೋಳಗಳಿಗೇ ಹೆಸರಾದದ್ದು. ನಾಯಿಗೆ ಖರ್ಚೆಷ್ಟು ಬರುತ್ತದೆಂದು ಹಿರಿಯ ಕುರಿಗಾರರೊಬ್ಬರನ್ನು ಕೇಳಿದೆ. "ಖರ್ಚು ಏನ್ ಬಂತ್ರೀ ಸಾಹೇಬ್ರ, ಅದೂ ನಮ್ ಮನೀ ಮಂದೀನ ಅಲ್ಲೇನ್ರಿ?" ಎಂದರು. ಆತ ಎಂದೂ ನಾಯಿಯನ್ನು ಮುದ್ದಿಸಿದ್ದನ್ನು ನಾನು ಕಂಡಿಲ್ಲ. ಆದರೆ ಕಾಲಿಗೆ ಗಾಯವಾದ ನಾಯಿಯನ್ನು ಕುದುರೆಯ ಮೇಲಿನ ಹೇರಿನ ನಡುವೆ ಕೂರಿಸಿ ತಾನು ನಡೆದುಹೋದದ್ದನ್ನು ಕಂಡಿದ್ದೇನೆ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯಲ್ಲಿಟ್ಟ ಪ್ರಸಾದ ಉಣ್ಣುವ ಸೇವೆಯನ್ನು ಭಕ್ತಿಯೆಂದು ಬಲ್ಲ ಸಮುದಾಯಗಳಿವು. ಅವರನ್ನು ನಾಯಿಪ್ರೇಮಿಗಳೆಂದು ತೋರಿಸಿದ ಒಂದು ದೊಡ್ಡ ಚಿತ್ರ ನನ್ನ ನೆನಪಿಗೆ ಬರುತ್ತಿಲ್ಲ.

ಮುಧೋಳ ನಾಯಿಯ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಈ ತಳಿಯ ಮೇಲೆ 2005ರ ಜನವರಿಯಲ್ಲಿ ಅಂಚೆಚೀಟಿ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್ ಸೇರಿದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಹೆಸರೆತ್ತಿ ಹೊಗಳಿದರು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ಇಷ್ಟೆಲ್ಲ ಗೌರವ ಸಂದರೂ ಅದಕ್ಕೊಂದು ಕಥೆ ಸಿಕ್ಕಿಲ್ಲ. ಸಿಕ್ಕಿದರೂ ನನಗೊಂದು ಅಳುಕಿದೆ. ಬಯಲಿನಲ್ಲಿ ಮೊಲದ ಹಿಂದೆ ಬಾಣದಂತೆ ಓಡಲೆಂದೇ ಮೈಪಡೆದ ಆ ಪ್ರಾಣಿಯನ್ನು ಯಾವುದಾದರೂ ಯಶಸ್ವಿ ಚಿತ್ರದ ಮರುವರ್ಷ ಎರಡು ಕೋಣೆಯ ಫ್ಲಾಟಿನಲ್ಲಿ ಕಟ್ಟಿಹಾಕಿದರೆ, ದೇಶಿ ತಳಿಗೂ ಹಸ್ಕಿಯ ಗತಿಯೇ ಬಂದೀತು.

ಕಥೆಗಳಿಗೇನು ನಮ್ಮಲ್ಲಿ ಬರವೇ? ಕ್ರಿ.ಶ. 949-50ರ ಆತಕೂರು ಶಾಸನವನ್ನು ನೋಡಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಬೇಕಾದುದನ್ನು ಕೇಳೆಂದಾಗ ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಕಾಡುಹಂದಿಯೊಂದನ್ನು ಎದುರಿಸಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಗಲುವುದೆಂದು ಬರೆಸಿದ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯ ಹೆಸರಿದೆ, ಶೌರ್ಯವಿದೆ, ತಳಿಯ ಪ್ರಸ್ತಾಪವಿಲ್ಲ. ಸಾಹಿತ್ಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕಿವಿ'ಯನ್ನು ಓದಿ ಬೆಳೆದವರಿಗೂ ಆ ನಾಯಿಯ ಸ್ವಭಾವ ನೆನಪಿರುತ್ತದೆಯೇ ಹೊರತು ಅದರ ವಂಶಾವಳಿಯಲ್ಲ.

ನಿರ್ಮಾಪಕರಿಗೆ ಯಾವ ನಾಯಿಯನ್ನು ಹಾಕಿಕೊಳ್ಳಬೇಕೆಂದು ಹೇಳುವ ಅಧಿಕಾರ ಸರ್ಕಾರಕ್ಕೆ ಬೇಡ. ಆದರೆ ಎರಡು ಕೆಲಸಗಳು ಇಂದಿನ ಚೌಕಟ್ಟಿನಲ್ಲೇ ಸಾಧ್ಯ. 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಪ್ರತಿಯೊಬ್ಬ ಸಂವರ್ಧಕನೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನೋಂದಣಿ ಸಂಖ್ಯೆಯಿಲ್ಲದೆ ಮರಿಗಳ ಜಾಹೀರಾತು ಪ್ರಕಟಿಸುವುದಿಲ್ಲವೆಂದು ಪತ್ರಿಕೆಗಳೂ ಮೊಬೈಲಿನ ಮಾರಾಟ ತಾಣಗಳೂ ನಿರ್ಧರಿಸಿದರೆ ಅರ್ಧ ತಪಾಸಣೆ ಮುಗಿದಂತೆ. ಜಿಲ್ಲೆಯೊಂದಕ್ಕೆ ಒಂದೇ ಜೀಪು ಇಟ್ಟುಕೊಂಡು ಶೆಡ್ಡು ಶೆಡ್ಡು ಹುಡುಕುವುದಕ್ಕಿಂತ ಇದು ಅಗ್ಗವೂ ಹೌದು.

ಎರಡನೆಯದು ಇನ್ನೂ ಸರಳ. ಚಿತ್ರೀಕರಣದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ ಎಂಬ ಸಾಲು ಪ್ರತಿ ಚಿತ್ರದ ಆರಂಭದಲ್ಲಿ ಬರುತ್ತದೆ. ಧೂಮಪಾನದ ಎಚ್ಚರಿಕೆಯೂ 2012ರಿಂದ ಬರುತ್ತಿದೆ. ನಾಯಿಯೊಂದು ಮುಖ್ಯ ಪಾತ್ರವಾಗಿರುವ ಚಿತ್ರದಲ್ಲಿ ಆ ತಳಿಗೆ ಎಂಥ ಹವೆ, ಎಷ್ಟು ಓಡಾಟ, ಎಷ್ಟು ವರ್ಷಗಳ ಆರೈಕೆ ಬೇಕೆಂಬ ಎರಡು ವಾಕ್ಯಗಳನ್ನೂ ಜೊತೆಗೆ ಹಾಕಬಹುದು. '777 ಚಾರ್ಲಿ'ಗೆ ರಾಜ್ಯ ಸರ್ಕಾರ ಆರು ತಿಂಗಳ ತೆರಿಗೆ ವಿನಾಯಿತಿ ಘೋಷಿಸಿತ್ತು. ಮುಂದೆ ಇಂಥ ಚಿತ್ರವೊಂದಕ್ಕೆ ವಿನಾಯಿತಿ ಕೋರಿ ಅರ್ಜಿ ಬಂದಾಗ, ಆದೇಶದ ಕರಡಿನಲ್ಲಿ ಈ ಷರತ್ತನ್ನು ಒಂದು ಕಂಡಿಕೆಯಾಗಿ ಸೇರಿಸಲು ಹೊಸ ಕಾಯಿದೆಯ ಅಗತ್ಯವಿಲ್ಲ.